ನಾನೊಂದು ಬರೆದೆ, ಅಮ್ಮ ಇನ್ನೊಂದು ಹೇಳಿದರು: ಹಸುಗೂಸಿನ ಸೆನ್ಸರಿ ಪ್ರಶ್ನಾವಳಿ

ಪ್ರಶ್ನೆ: ನನ್ನ ಮಗ 33 ವಾರಕ್ಕೇ ಹುಟ್ಟಿದ. ಹದಿನೆಂಟು ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿದ್ದ. ಈಗ ನಾಲ್ಕೂವರೆ ತಿಂಗಳು. ನಾನಿನ್ನೂ ತವರಿನಲ್ಲೇ ಇದ್ದೇನೆ. ಹೋದ ವಾರ ಫಾಲೋ-ಅಪ್‌ಗೆ ಹೋದಾಗ ಒಂದು ಫಾರಂ ಕೊಟ್ಟರು. ಸದ್ದಿಗೆ, ಬೆಳಕಿಗೆ, ಮುಟ್ಟಿದ್ದಕ್ಕೆ, ಎತ್ತಿ ಆಡಿಸಿದ್ದಕ್ಕೆ ಮಗು ಏನು ಮಾಡುತ್ತದೆ ಎಂಬ ಪ್ರಶ್ನೆಗಳು. ‘ಯಾವಾಗಲೂ’ಯಿಂದ ‘ಎಂದೂ ಇಲ್ಲ’ದವರೆಗೆ ಟಿಕ್ ಹಾಕಬೇಕು. ‘ಇತರರಿಗಿಂತ ಹೆಚ್ಚು’ ಅಂತ ಬಂತು. ಸ್ನಾನದಲ್ಲಿ ಅಳುತ್ತಾನೆ, ತುಂಬಾ ಬೆಚ್ಚಿಬೀಳುತ್ತಾನೆ ಅಂತ ನಾನು ಬರೆದಿದ್ದೆ. ನಮ್ಮಮ್ಮ ಅದನ್ನು ನೋಡಿ, ‘ಏನೂ ಇಲ್ಲ, ಸುಮ್ನೆ ಏನೇನೋ ಬರೀಬೇಡ, ನೀನೂ ಹೀಗೇ ಇದ್ದೆ’ ಅಂದರು. ಯೂಟ್ಯೂಬ್ ನೋಡಿ ಇನ್ನೂ ಹೆದರಿಕೆ ಆಗಿದೆ. ಇದು ಆಟಿಸಂನ ಲಕ್ಷಣವೇ? ಥೆರಪಿ ಈಗಲೇ ಶುರು ಮಾಡಬೇಕೇ? ನಮ್ಮಿಬ್ಬರಲ್ಲಿ ಯಾರು ಹೇಳಿದ್ದು ಸರಿ?
— ಒಬ್ಬ ಬಾಣಂತಿ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಿಕ್ಕ ಎರಡಕ್ಕೂ ಉತ್ತರ ಅದರೊಳಗೇ ಸಿಗುತ್ತದೆ.

ಇಬ್ಬರು ಹೇಳಿದ್ದೂ ಸರಿ. ರಾತ್ರಿ ಎರಡು ಗಂಟೆಗೆ ಎದ್ದ ಮಗುವನ್ನು ನೋಡುತ್ತಿರುವವರು ನೀವು. ಬೆಳಿಗ್ಗೆ ಒಂಬತ್ತಕ್ಕೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವವರು ನಿಮ್ಮಮ್ಮ. ನೀವು ಕೋಣೆಯೊಳಗಿಂದ ಅಳು ಕೇಳಿದ್ದೀರಿ. ಅವರು ಅಳುವ ಮುಖವನ್ನು ನೋಡಿದ್ದಾರೆ, ಯಾವ ಗಳಿಗೆಗೆ ಅಳು ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನೂ ನೋಡಿದ್ದಾರೆ. ಇಂಥ ಪ್ರಶ್ನಾವಳಿ ಮಗುವನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಮನೆಯಲ್ಲಿ, ಒಂದು ವಾರದಲ್ಲಿ, ಒಬ್ಬರ ಕಣ್ಣಿಗೆ ಮಗು ಹೇಗೆ ಕಂಡಿತು ಎಂಬುದನ್ನು ಬರೆದಿಡುತ್ತದೆ. ತೂಕದ ಯಂತ್ರದ ಮೇಲೆ ಯಾರು ಮಲಗಿಸಿದರೂ ಮಗುವಿನ ತೂಕ ಒಂದೇ ಬರುತ್ತದೆ. ಇಲ್ಲಿ ಹಾಗಲ್ಲ. ಅದು ಈ ಸಾಧನದ ದೋಷ ಎಂದು ನಾನು ಹೇಳುವುದಿಲ್ಲ, ಅದರ ಸ್ವಭಾವವೇ ಅದು. ಅದು ಗೊತ್ತಿಲ್ಲದೆ ಅಂಕ ಓದಿದರೆ ಮಾತ್ರ ಅನಾಹುತ.

ಹಾಗಾದರೆ ಇಂಥದ್ದನ್ನು ಬಳಸುವುದಾದರೂ ಯಾಕೆ, ಡಾಕ್ಟರೇ ಪರೀಕ್ಷೆ ಮಾಡಿ ಹೇಳಬಾರದೇ ಎಂದು ಕೇಳಬಹುದು. ಪರೀಕ್ಷೆಗಳೂ ಇವೆ. ಡಿಗಾಂಜಿ ಮತ್ತು ಗ್ರೀನ್‌ಸ್ಪಾನ್ 1989ರಲ್ಲಿ ತಂದ ಒಂದು ಪರೀಕ್ಷೆಯಲ್ಲಿ 4ರಿಂದ 18 ತಿಂಗಳ ಮಗುವಿಗೆ ಪರೀಕ್ಷಕರೇ 24 ಬಗೆಯ ಸಣ್ಣ ಸಣ್ಣ ಚಟುವಟಿಕೆ ಮಾಡಿಸಿ ನೋಡುತ್ತಾರೆ. ತೊಂದರೆ ಏನೆಂದರೆ, ಹಸುಗೂಸಿನ ಪ್ರತಿಕ್ರಿಯೆ ಅದು ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ. ಅಮೆರಿಕದ ಮಕ್ಕಳ ತಜ್ಞ ಬೆರ್ರಿ ಬ್ರೆಜಲ್ಟನ್ 1973ರಲ್ಲಿ ನವಜಾತ ಶಿಶುಗಳ ಪರೀಕ್ಷೆಯೊಂದನ್ನು ಪ್ರಕಟಿಸಿದಾಗ ಗಾಢ ನಿದ್ದೆಯಿಂದ ಅಳುವಿನವರೆಗೆ ಆರು ಸ್ಥಿತಿಗಳನ್ನು ಗುರುತಿಸಿ, ಮೊದಲು ಅದನ್ನು ಬರೆದುಕೊಳ್ಳಿ, ಆಮೇಲೆ ಗಿಲಕಿ ಆಡಿಸಿ ಎಂದದ್ದು ಇದಕ್ಕೇ. ಹಾಲು ಕುಡಿದು ಮಂಪರಿನಲ್ಲಿರುವ ಮಗು ಗಂಟೆ ಸದ್ದಿಗೆ ರೆಪ್ಪೆಯನ್ನೂ ಅಲ್ಲಾಡಿಸದೆ ಇರಬಹುದು. ಅದೇ ಮಗು ಹಸಿದಾಗ ಬಾಗಿಲ ಚಿಲಕದ ಸದ್ದಿಗೇ ಕಿರುಚಬಹುದು. ಎರಡು ಬಸ್ ಬದಲಿಸಿ, ಮೂರು ಗಂಟೆ ಕಾದು ನಮ್ಮ ಕೋಣೆಗೆ ಬಂದ ಮಗುವಿನಲ್ಲಿ ನಾವು ಇಪ್ಪತ್ತು ನಿಮಿಷದಲ್ಲಿ ಏನು ಕಂಡೇವು? ಇಡೀ ದಿನ ಇಡೀ ರಾತ್ರಿ ಮಗುವಿನ ಜೊತೆಗಿರುವವರನ್ನು ಕೇಳುವುದೇ ಮೇಲು.

ನೀವು ವಿವರಿಸಿದ ಮಾತುಗಳನ್ನು ನೋಡಿದರೆ ನಿಮಗೆ ಕೊಟ್ಟದ್ದು ಅಮೆರಿಕದ ವಿನ್ನಿ ಡನ್ ಅವರ ‘ಸೆನ್ಸರಿ ಪ್ರೊಫೈಲ್ 2’ರ ಶಿಶು ಫಾರಂ ಅಥವಾ ಅದರ ಮಾದರಿಯದು. ಡನ್ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಚಟುವಟಿಕೆಗಳಿಗೆ ನೆರವಾಗುವ ಚಿಕಿತ್ಸಕಿ. ದೊಡ್ಡ ಮಕ್ಕಳ ಪ್ರಶ್ನಾವಳಿಯನ್ನು 1999ರಲ್ಲಿ, ಶಿಶುಗಳದ್ದನ್ನು 2002ರಲ್ಲಿ ತಂದರು. ಈಗ ಬಳಕೆಯಲ್ಲಿರುವ ಎರಡನೇ ಆವೃತ್ತಿ 2014ರದು. ಅದರಲ್ಲಿ ಹುಟ್ಟಿನಿಂದ ಆರು ತಿಂಗಳವರೆಗಿನ ಫಾರಂ ಚಿಕ್ಕದು, 25 ಪ್ರಶ್ನೆ. ಏಳು ತಿಂಗಳಿಂದ ಮೂರು ವರ್ಷದ ಒಳಗಿನವರದು 54 ಪ್ರಶ್ನೆ.

ಇದರ ಹಿಂದಿರುವ ವಿಚಾರವನ್ನು ನಾನು ತಾಯಂದಿರಿಗೆ ಹೊಸ್ತಿಲ ಲೆಕ್ಕದಲ್ಲಿ ಹೇಳುತ್ತೇನೆ. ಹೊಸ್ತಿಲು ತಗ್ಗಾಗಿರುವ ಮನೆಗೆ ಸಣ್ಣ ಮಳೆಗೂ ನೀರು ನುಗ್ಗುತ್ತದೆ. ಎತ್ತರವಾಗಿದ್ದರೆ ದೊಡ್ಡ ಮಳೆ ಬಂದರೂ ಒಳಗಿನವರಿಗೆ ಗೊತ್ತೇ ಆಗುವುದಿಲ್ಲ. ಮಕ್ಕಳ ನರವ್ಯೂಹಕ್ಕೂ ಇಂಥ ಹೊಸ್ತಿಲು ಇರುತ್ತದೆ, ಕಿವಿಯದ್ದೊಂದು ಎತ್ತರ, ಚರ್ಮದ್ದೊಂದು ಎತ್ತರ. ನೀರು ನುಗ್ಗಿದಾಗ ಕೆಲವರು ಕೂತಲ್ಲೇ ಕೂತು ಅಳುತ್ತಾರೆ, ಕೆಲವರು ತಪ್ಪಿಸಿಕೊಳ್ಳಲು ನೋಡುತ್ತಾರೆ. ಹೊಸ್ತಿಲು ಎತ್ತರವಿರುವವರಲ್ಲಿ ಕೆಲವರು ಮಳೆಯನ್ನೇ ಹುಡುಕಿಕೊಂಡು ಅಂಗಳಕ್ಕೆ ಹೋಗುತ್ತಾರೆ, ಕೆಲವರು ಸುಮ್ಮನೆ ಒಳಗೇ ಇರುತ್ತಾರೆ. ಡನ್ ಹೇಳುವ ನಾಲ್ಕು ಬಗೆ ಇವೇ. ನಾಲ್ಕೂ ಮನುಷ್ಯ ಸ್ವಭಾವದೊಳಗಿನವು, ರೋಗದ ಹೆಸರುಗಳಲ್ಲ. ನಿಮ್ಮ ಮಗನಷ್ಟು ಚಿಕ್ಕ ಮಗುವಿಗೆ ಈ ನಾಲ್ಕರಲ್ಲಿ ಒಂದನ್ನು ಅಂಟಿಸಲು ನನಗೆ ಕೈ ಬರುವುದಿಲ್ಲ. ಆ ವಯಸ್ಸಿನಲ್ಲಿ ಹೊಸ್ತಿಲನ್ನು ಇನ್ನೂ ಕೂರಿಸುತ್ತಿರುತ್ತಾರೆ.

‘ಇತರರಿಗಿಂತ ಹೆಚ್ಚು’ ಎಂಬ ಸಾಲನ್ನು ಈಗ ಓದೋಣ. ಫಾರಂನಲ್ಲಿ ಹೇಳಿದ ವರ್ತನೆಗಳು ಈ ಮಗುವಿನಲ್ಲಿ ಸರಾಸರಿಗಿಂತ ಹೆಚ್ಚು ಸಲ ಕಂಡಿವೆ ಎಂಬುದಷ್ಟೇ ಅದರ ಅರ್ಥ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 68 ಮಂದಿ ನಡುವೆ ಬರುತ್ತಾರೆ. ‘ಹೆಚ್ಚು’ ಎಂಬ ಪಟ್ಟಿಯಲ್ಲಿ ಸುಮಾರು 14, ‘ತುಂಬಾ ಹೆಚ್ಚು’ ಎಂಬಲ್ಲಿ ಇಬ್ಬರು. ಕಡಿಮೆ ಕಡೆಗೂ ಇದೇ ಲೆಕ್ಕ. ಅಂದರೆ ಏಳು ಮಕ್ಕಳಲ್ಲಿ ಒಬ್ಬರಿಗೆ ನಿಮ್ಮ ಮಗನಿಗೆ ಬಂದ ಸಾಲೇ ಬರುತ್ತದೆ. ಅದೂ ಅಮೆರಿಕದ ಮಕ್ಕಳ ನಡುವೆ, ಯಾಕೆಂದರೆ ಈ ಗೆರೆಗಳನ್ನು ಎಳೆದದ್ದು ಅಲ್ಲಿನ ಮನೆಗಳಿಂದ ಬಂದ ಉತ್ತರಗಳ ಮೇಲೆ. ಅಲ್ಲಿ ಮಗು ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ತೇಲುತ್ತದೆ. ಇಲ್ಲಿ ಹಂಡೆಯಿಂದ ಬಾಣಂತಿಗೆ ತೋಡಿದ ಬಿಸಿಯಲ್ಲೇ ಸ್ವಲ್ಪ ತಣ್ಣೀರು ಬೆರೆಸಿ ಮಗುವಿಗೂ ಹಾಕುತ್ತಾರೆ. ಎರಡೂ ಕಡೆ ‘ಸ್ನಾನದಲ್ಲಿ ಅಳುತ್ತದೆ’ ಎಂಬ ಟಿಕ್ ಒಂದೇ. ಅದರ ಒಳಗಿನ ಕಥೆ ಬೇರೆ.

ಇನ್ನೊಂದು ದೊಡ್ಡ ವಿಷಯ ನಿಮ್ಮ ಪತ್ರದಲ್ಲೇ ಇದೆ. ಮಗು 33 ವಾರಕ್ಕೆ ಹುಟ್ಟಿದ್ದಾನೆ, ಅಂದರೆ ಏಳು ವಾರ ಮೊದಲು. ಅವನ ಬೆಳವಣಿಗೆಯನ್ನು ನೋಡುವಾಗ ಆ ಏಳು ವಾರವನ್ನು ಕಳೆಯಬೇಕು. ಎರಡು ವರ್ಷದವರೆಗೂ ಹೀಗೇ ಲೆಕ್ಕ ಹಾಕುವುದು ವಾಡಿಕೆ. ಹಾಗೆ ನೋಡಿದರೆ ಅವನಿಗೀಗ ಸುಮಾರು ಮೂರು ತಿಂಗಳು. ಇದನ್ನೇ ಸರಿಪಡಿಸಿದ ವಯಸ್ಸು ಎನ್ನುತ್ತಾರೆ. ಹಸುಗೂಸುಗಳ ಅಳು ಮೊದಲ ವಾರಗಳಲ್ಲಿ ಏರುತ್ತಾ ಆರನೇ ವಾರದ ಹೊತ್ತಿಗೆ ಶಿಖರ ಮುಟ್ಟಿ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಬೇಗ ಹುಟ್ಟಿದ ಮಕ್ಕಳಲ್ಲಿ ಈ ಏರಿಳಿತ ಸರಿಪಡಿಸಿದ ವಯಸ್ಸನ್ನೇ ಹಿಂಬಾಲಿಸುತ್ತದೆ. ಸದ್ದಿಗೋ ತಲೆ ಹಿಂದಕ್ಕೆ ಜಾರಿದ್ದಕ್ಕೋ ಎರಡೂ ಕೈ ಅಗಲಿಸಿ ಬೆಚ್ಚುವ ಮೋರೋ ಪ್ರತಿಕ್ರಿಯೆ ನಾಲ್ಕರಿಂದ ಆರು ತಿಂಗಳೊಳಗೆ ಮರೆಯಾಗುವಂಥದ್ದು. ಮೂರು ತಿಂಗಳ ಮಗುವಿನಲ್ಲಿ ಅದು ಇರುವುದು ಸಹಜ. ನಿಮ್ಮ ಫಾರಂ ಮೇಲೆ ಯಾವ ವಯಸ್ಸು ಬರೆದಿದ್ದಾರೆ ನೋಡಿ. ‘4 ತಿಂಗಳು 15 ದಿನ’ ಎಂದಷ್ಟೇ ಇದ್ದರೆ, ಸರಿಪಡಿಸಿದ ವಯಸ್ಸಿನ ಬಗ್ಗೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಎನ್‌ಐಸಿಯುವಿನ ದಿನಗಳನ್ನೂ ಮರೆಯಬಾರದು. ಹೊಟ್ಟೆಯೊಳಗೆ ಕತ್ತಲು, ಬೆಚ್ಚಗೆ, ಅಮ್ಮನ ದನಿ ಗೋಡೆಯಾಚೆಯಿಂದ ಕೇಳಿದ ಹಾಗೆ. ಅಲ್ಲಿಂದ ಏಳು ವಾರ ಮುಂಚೆಯೇ ಟ್ಯೂಬ್‌ಲೈಟ್, ಮಾನಿಟರಿನ ಕೂಗು, ಹಿಮ್ಮಡಿಗೆ ಸೂಜಿ. ಎನ್‌ಐಸಿಯುನಲ್ಲಿ ಸದ್ದು 45 ಡೆಸಿಬಲ್ ದಾಟಬಾರದು ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ ಹೇಳಿದೆ. ಕೆಲಸ ನಡೆಯುವ ಯಾವ ವಾರ್ಡಿನಲ್ಲೂ ಅದು ಸುಲಭವಲ್ಲ. ಅಲ್ಲಿಂದ ಬಂದ ಮಕ್ಕಳಲ್ಲಿ ಅಂಗಾಲು ಮುಟ್ಟಿದರೆ ಸಾಕು ಕಾಲು ಎಳೆದುಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ಅದು ನೆನಪೋ ಅಭ್ಯಾಸವೋ, ಹೆಸರು ಏನೇ ಇರಲಿ, ಅಂಥ ಮಗುವಿನ ಕಾಲಿಗೆ ಎಣ್ಣೆ ಹಚ್ಚುವಾಗ ಕೈ ನಿಧಾನವಾಗಲಿ.

ಇನ್ನು ಟಿಕ್ ಹಾಕುವ ರೀತಿ. ನಮ್ಮ ಮಾತಿನಲ್ಲಿ ‘ಯಾವಾಗಲೂ ಅಳ್ತಾನೆ’ ಎಂದರೆ ನಿಜವಾಗಿ ಯಾವಾಗಲೂ ಎಂದಲ್ಲ, ‘ನನಗೆ ಸಾಕಾಗಿದೆ’ ಎಂದು. ‘ಒಂದಿನಾನೂ ಮಲಗಿಲ್ಲ’ ಎಂಬುದೂ ಹಾಗೆಯೇ. ಪ್ರಶ್ನಾವಳಿಯಲ್ಲಿ ಮಾತ್ರ ‘ಹೆಚ್ಚುಕಡಿಮೆ ಯಾವಾಗಲೂ’ ಎಂದರೆ ಹತ್ತರಲ್ಲಿ ಒಂಬತ್ತು ಸಲ, ‘ಆಗಾಗ’ ಎಂದರೆ ನಾಲ್ಕರಲ್ಲಿ ಮೂರು ಸಲ. ನಾನಂತೂ ಆ ಪದಗಳನ್ನೇ ಬಳಸುವುದಿಲ್ಲ. ‘ಈ ಕಳೆದ ಹತ್ತು ಸ್ನಾನದಲ್ಲಿ ಎಷ್ಟು ಸಲ ಅತ್ತ?’ ಎಂದು ಬೆರಳು ಮಡಿಸಿ ಎಣಿಸಲು ಹೇಳುತ್ತೇನೆ. ‘ಯಾವಾಗಲೂ’ ಎಂದಿದ್ದ ತಾಯಿ ಎಣಿಸಿ ನಾಲ್ಕಕ್ಕೆ ನಿಂತದ್ದುಂಟು. ‘ಇಲ್ಲವೇ ಇಲ್ಲ’ ಎಂದ ಅಜ್ಜಿ ಏಳಕ್ಕೆ ಹೋದದ್ದೂ ಉಂಟು. ಶಿಶುಗಳ ಸ್ವಭಾವದ ಬಗ್ಗೆ ಮೇರಿ ರಾತ್‌ಬಾರ್ಟ್ 1981ರಲ್ಲಿ ರೂಪಿಸಿದ ಪ್ರಶ್ನಾವಳಿ ಕಳೆದ ಒಂದೆರಡು ವಾರದ್ದನ್ನು ಮಾತ್ರ ಕೇಳುತ್ತದೆ. ಅದೊಂದು ಜಾಣತನ. ಎರಡು ತಿಂಗಳ ಹಿಂದಿನ ಅಳುವನ್ನು ನೆನಪು ಮಾಡಿಕೊಂಡರೆ ಅಂದಿನ ಸುಸ್ತೂ ಅದರ ಜೊತೆಗೇ ಬಂದು ಕೂರುತ್ತದೆ.

ಅನ್ವಯಿಸದ ಪ್ರಶ್ನೆಗಳನ್ನು ಬಿಟ್ಟುಬಿಡಿ. ಹಲ್ಲು ಬರುವವರೆಗೆ ಕೂಸಿಗೆ ಕನ್ನಡಿ ತೋರಿಸಬಾರದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮನೆಯಲ್ಲಿ ‘ಕನ್ನಡಿ ನೋಡಿ ಖುಷಿಪಡುತ್ತದೆಯೇ’ ಎಂದು ಯಾರಾದರೂ ಕೇಳಿದರೆ ‘ಎಂದೂ ಇಲ್ಲ’ ಎಂಬ ಟಿಕ್ ಸುಳ್ಳಾಗುತ್ತದೆ. ಅವಕಾಶವೇ ಸಿಗಲಿಲ್ಲ ಎಂಬುದು ನಿಜ. ಕಾರಿನ ಪ್ರಶ್ನೆಗೂ ಅಷ್ಟೇ. ನಮ್ಮ ಕೂಸು ನೋಡಿರುವುದು ಆಟೊ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ತುಂಬಾ ಬೆಚ್ಚಿಬೀಳುತ್ತಾನೆ’ ಎಂಬ ಮಾತು. ಬಹುಪಾಲು ಇದು ಏನೂ ಅಲ್ಲ. ಆದರೂ ಒಂದು ವಿಷಯ ಬಿಡಿಸಿ ನೋಡಲೇಬೇಕು. ಬೆಚ್ಚುವುದಕ್ಕೆ ಮೊದಲು ಏನಾದರೂ ಆಗುತ್ತದೆಯೇ, ಕುಕ್ಕರ್ ಕೂಗಿತೇ, ಯಾರಾದರೂ ತಟ್ಟನೆ ಎತ್ತಿಕೊಂಡರೇ? ಹಾಗಿದ್ದರೆ, ಒಂದು ಸಲ ಬೆಚ್ಚಿ ಸುಮ್ಮನಾದರೆ, ಅದು ಬೆಚ್ಚುವುದೇ. ಸದ್ದು ಸಪ್ಪಳ ಏನೂ ಇಲ್ಲದೆ, ಮುಖ್ಯವಾಗಿ ನಿದ್ದೆಯಿಂದ ಎದ್ದಾಗ, ತಲೆ ಬಾಗಿಸಿ ಕೈಕಾಲು ಸೆಟೆಸಿ ಒಂದಾದ ಮೇಲೊಂದರಂತೆ ಕೆಲವು ಸೆಕೆಂಡುಗಳ ಅಂತರದಲ್ಲಿ ಸರಣಿಯಾಗಿ ಬಂದರೆ, ಅದು ಶಿಶುಗಳಲ್ಲಿ ಬರುವ ಒಂದು ಬಗೆಯ ಫಿಟ್ಸ್ ಇರಬಹುದು. ಇನ್‌ಫಂಟೈಲ್ ಸ್ಪಾಸಂ ಎನ್ನುತ್ತಾರೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ವರ್ಷದಲ್ಲೇ. ಮನೆಯವರು ಹೊಟ್ಟೆನೋವು ಎಂದುಕೊಳ್ಳುತ್ತಾರೆ, ಯಾರೋ ದೃಷ್ಟಿ ಎನ್ನುತ್ತಾರೆ, ವಾರಗಳು ಕಳೆದುಹೋಗುತ್ತವೆ. ಇದರಲ್ಲಿ ವಾರಗಳು ಬಹಳ ಬೆಲೆಬಾಳುತ್ತವೆ. ಅಂಥದ್ದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಯಾವ ಪ್ರಶ್ನಾವಳಿಯೂ ಈ ಎರಡರ ನಡುವಿನ ವ್ಯತ್ಯಾಸ ಹೇಳುವುದಿಲ್ಲ. ಎರಡಕ್ಕೂ ‘ಬೆಚ್ಚುತ್ತದೆ’ ಎಂಬ ಒಂದೇ ಟಿಕ್.

ಕಿವಿ ಮತ್ತು ಕಣ್ಣು ತಪಾಸಣೆ ಆಗಿದೆಯೇ? 34 ವಾರಕ್ಕಿಂತ ಮೊದಲು ಅಥವಾ 2000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ರೆಟಿನಾ ಪರೀಕ್ಷೆ ಹುಟ್ಟಿದ ತಿಂಗಳೊಳಗೇ ಆಗಬೇಕೆಂಬುದು ನಮ್ಮ ದೇಶದ ಮಾರ್ಗಸೂಚಿ. ಕಿವಿಗೆ ಒಂದು ತಿಂಗಳೊಳಗೆ ತಪಾಸಣೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ. ಎನ್‌ಐಸಿಯುನಲ್ಲಿ ಐದು ದಿನಕ್ಕಿಂತ ಹೆಚ್ಚಿದ್ದ ಮಗುವಿಗೆ ಕಿವಿಯಲ್ಲಿ ಪುಟ್ಟ ಬಿರಡೆ ಇಟ್ಟು ಮಾಡುವ ಓಎಇ ಒಂದೇ ಸಾಲದು, ಶ್ರವಣ ನರವನ್ನೂ ನೋಡುವ ಎಬಿಆರ್ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಅದರಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಆರಂಭಿಕ ಹಸ್ತಕ್ಷೇಪ ಕೇಂದ್ರಗಳಿವೆ (ಡಿಇಐಸಿ). ಜಿಲ್ಲಾಸ್ಪತ್ರೆಯಲ್ಲಿ ‘ಡಿಇಐಸಿ ಎಲ್ಲಿ’ ಎಂದು ಕೇಳಿ.

ಕಿವಿಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಐದು ತಿಂಗಳ ಹೆಣ್ಣುಮಗುವಿನ ಫಾರಂ ತುಂಬಿ ತಂದಿದ್ದರು. ಎಲ್ಲದಕ್ಕೂ ‘ಇಲ್ಲ’. ಮಿಕ್ಸಿಗೆ ಬೆಚ್ಚುವುದಿಲ್ಲ, ಪಟಾಕಿಗೆ ಏಳುವುದಿಲ್ಲ. ‘ಬಂಗಾರದಂಥ ಕೂಸು, ರಗಳೆಯೇ ಇಲ್ಲ’ ಎಂದು ಅಜ್ಜಿ ಹೆಮ್ಮೆಪಟ್ಟರು. ನಾನೂ ನಕ್ಕು ‘ಶಾಂತ ಸ್ವಭಾವ’ ಎಂದು ಬರೆದು ಕಳಿಸಿದೆ. ಹದಿನಾಲ್ಕನೇ ತಿಂಗಳಿಗೆ ಆ ಮಗುವಿಗೆ ಎರಡೂ ಕಿವಿ ಕೇಳುವುದಿಲ್ಲ ಎಂದು ಬೇರೊಬ್ಬರು ಕಂಡುಹಿಡಿದರು. ಕಡಿಮೆ ಅಂಕ ಯಾರನ್ನೂ ಹೆದರಿಸುವುದಿಲ್ಲ, ಅದಕ್ಕೇ ಅದು ನನ್ನನ್ನು ಹೆದರಿಸುತ್ತದೆ. ಅಳುವ ಮಗುವನ್ನು ಡಾಕ್ಟರ ಹತ್ತಿರ ಕರೆತರುತ್ತಾರೆ. ಸುಮ್ಮನಿರುವ ಮಗುವನ್ನು ಮನೆಯಲ್ಲೇ ಹೊಗಳುತ್ತಾರೆ.

ಆಟಿಸಂ ವಿಷಯ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿ ಸದ್ದು-ಸ್ಪರ್ಶಗಳಿಗೆ ಅತಿಯಾದ ಅಥವಾ ತೀರಾ ಕಡಿಮೆ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿರುವುದು ನಿಜ. ಯೂಟ್ಯೂಬ್‌ನವರು ಅಲ್ಲಿಂದ ಹಿಂದಕ್ಕೆ ಓಡಿ, ಹೀಗೆ ಪ್ರತಿಕ್ರಿಯಿಸುವ ಮಗುವೆಲ್ಲ ಆಟಿಸಂ ಎನ್ನುತ್ತಾರೆ. ಹಸುಗಳಿಗೆಲ್ಲ ನಾಲ್ಕು ಕಾಲು ನಿಜ, ನಾಲ್ಕು ಕಾಲಿದ್ದದ್ದೆಲ್ಲ ಹಸುವಲ್ಲ. ಆಟಿಸಂಗಾಗಿ ಹೆಚ್ಚು ಬಳಕೆಯಲ್ಲಿರುವ ಎಂ-ಚಾಟ್ ಪ್ರಶ್ನಾವಳಿ ಶುರುವಾಗುವುದೇ 16 ತಿಂಗಳಿಗೆ. ಮೂರು ತಿಂಗಳ ಮಗುವಿನ ಸೆನ್ಸರಿ ಅಂಕದಿಂದ ಆಟಿಸಂ ಇದೆ ಎಂದೋ ಇಲ್ಲ ಎಂದೋ ಯಾರಾದರೂ ಹೇಳಿದರೆ ಅವರು ಕಣಿ ಹೇಳುತ್ತಿದ್ದಾರೆ. ಈಗ ನೀವು ನೋಡಬೇಕಾದದ್ದು ಬೇರೆ: ಮುಖ ನೋಡುತ್ತಾನೆಯೇ, ನೀವು ಮಾತಾಡಿಸಿದರೆ ನಗುತ್ತಾನೆಯೇ, ಆಚೀಚೆ ಸರಿದರೆ ಕಣ್ಣು ಹಿಂಬಾಲಿಸುತ್ತದೆಯೇ, ಎರಡೂ ಕೈ ಒಂದೇ ಸಮ ಆಡಿಸುತ್ತಾನೆಯೇ, ಮೈ ತೀರಾ ಬಿಗಿಯೋ ತೀರಾ ಸಡಿಲವೋ ಇಲ್ಲ ತಾನೇ. ಇವುಗಳಲ್ಲಿ ಯಾವುದಾದರೂ ಸರಿಯಿಲ್ಲ ಅನಿಸಿದರೆ ಮುಂದಿನ ಫಾಲೋ-ಅಪ್ ತಾರೀಖಿಗೆ ಕಾಯಬೇಡಿ.

ಥೆರಪಿ ಈಗಲೇ ಬೇಡ. ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ (ಸದ್ದು, ಸ್ಪರ್ಶಗಳನ್ನು ಮೆದುಳು ನಿಭಾಯಿಸುವುದರಲ್ಲಿ ತೊಂದರೆ) ಎಂಬುದನ್ನೇ ಒಂದು ರೋಗನಿರ್ಣಯವಾಗಿ ಬಳಸಬೇಡಿ, ಬೇರೆ ಕಾರಣ ಹುಡುಕಿ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ 2012ರಲ್ಲೇ ಹೇಳಿದೆ. ಶಿಶು ಮಾನಸಿಕ ಆರೋಗ್ಯದವರು 2016ರಲ್ಲಿ ತಂದ ಡಿಸಿ:0-5 ಎಂಬ ವರ್ಗೀಕರಣ ಅದಕ್ಕೆ ಜಾಗ ಕೊಟ್ಟಿದೆ. ತಜ್ಞರಲ್ಲೇ ಒಮ್ಮತವಿಲ್ಲ. ನಾನು ಈ ಥೆರಪಿಯಲ್ಲೇ ಅನ್ನ ತಿನ್ನುವವಳು, ಆದರೂ ಹೇಳುತ್ತೇನೆ: ಮೂರು ತಿಂಗಳ ಕೂಸಿಗೆ ತಿಂಗಳ ಪ್ಯಾಕೇಜು ಮಾರುವವರಿಂದ ದೂರ ಇರಿ.

ಬದಲಿಗೆ ಸ್ನಾನವನ್ನು ಸ್ವಲ್ಪ ಬದಲಾಯಿಸಿ ನೋಡಿ. ನೀರಿಗೆ ಮೊಣಕೈ ಅದ್ದಿ, ಬೆಚ್ಚಗೆ ಅನಿಸಬೇಕು, ಬಿಸಿ ಅನಿಸಬಾರದು. ತೆಳು ಪಂಚೆಯಲ್ಲಿ ಸುತ್ತಿ, ಬಟ್ಟೆಯ ಮೇಲೆಯೇ ನೀರು ಹಾಕುತ್ತಾ ಒಂದೊಂದೇ ಭಾಗ ಬಿಚ್ಚಿ ತೊಳೆಯಿರಿ. ಕಾಲಿನಿಂದ ಶುರು ಮಾಡಿ, ತಲೆ ಕೊನೆಗೆ. ಮೂಗಿಗೆ ಕಿವಿಗೆ ಎಣ್ಣೆ ಬೇಡ. ಆಮೇಲೆ ಸಾಂಬ್ರಾಣಿ ಹೊಗೆಯೂ ಬೇಡ, ಬೇಗ ಹುಟ್ಟಿದ ಮಗುವಿನ ಶ್ವಾಸಕೋಶಕ್ಕೆ ಅದು ಆಗಿಬರುವುದಿಲ್ಲ. ಅಜ್ಜಿಗೆ ಬೇಜಾರಾದರೆ ಡಾಕ್ಟರ ಹೆಸರು ಹೇಳಿ. ಮಿಕ್ಸಿ ಹಾಕುವ ಮೊದಲು ಮಗುವನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ, ಆಮೇಲೆ ಸ್ವಿಚ್. ಹಾಗಂತ ಮನೆಯ ಸದ್ದನ್ನೆಲ್ಲ ನಿಲ್ಲಿಸಬೇಡಿ, ಅವನು ಬೆಳೆಯಬೇಕಾದದ್ದು ಆ ಸದ್ದುಗಳ ನಡುವೆಯೇ. ಹತ್ತು ದಿನ ಹೀಗೆ ಮಾಡಿ, ಕ್ಯಾಲೆಂಡರಿನಲ್ಲಿ ಅತ್ತ ದಿನಕ್ಕೊಂದು ಗೀಟು ಹಾಕಿ. ನೀರು ಬದಲಾದಾಗ ಅಳು ನಿಂತರೆ ಅದು ಮಗುವಿನ ಅಂಕವಲ್ಲ, ಹಂಡೆಯದು.

ಒಂದು ಮಾತು ನಿಮ್ಮ ಬಗ್ಗೆ ಕೇಳಲೇ? ನೀವು ಮಲಗುತ್ತಿದ್ದೀರಾ? ಮಗು ಮಲಗಿದಾಗಲಾದರೂ ನಿದ್ದೆ ಬರುತ್ತದೆಯೇ? ಬೇಗ ಹೆರಿಗೆಯಾದ ತಾಯಂದಿರಲ್ಲಿ ಮನಸ್ಸು ಕುಗ್ಗುವುದು ಅಪರೂಪವಲ್ಲ. ಮನಸ್ಸು ಕುಗ್ಗಿದಾಗ ಮಗುವಿನ ಅಳು ಎರಡು ಪಟ್ಟು ಕೇಳುತ್ತದೆ, ಆ ಎರಡು ಪಟ್ಟೇ ಫಾರಂನಲ್ಲಿ ಇಳಿಯುತ್ತದೆ. ಅದಕ್ಕೇ ನಾನು ಮಗುವಿನ ಪ್ರಶ್ನಾವಳಿಯ ಜೊತೆಗೆ ತಾಯಿಗೂ ಒಂದು ಕೊಡುತ್ತೇನೆ, 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ, ಬಾಣಂತಿಯ ಮನಸ್ಸು ಕುಗ್ಗಿದೆಯೇ ಎಂದು ನೋಡುವ ಹತ್ತು ಪ್ರಶ್ನೆಗಳದ್ದು. ನೀವು ಫಾರಂ ತಪ್ಪಾಗಿ ತುಂಬಿದಿರಿ ಎಂದು ನಾನು ಹೇಳುತ್ತಿಲ್ಲ. ಒಂದೇ ಹಾಳೆಯಲ್ಲಿ ಇಬ್ಬರ ಸಂಕಟ ಇರಬಹುದು ಎನ್ನುತ್ತಿದ್ದೇನೆ. ಮಾತಾಡಬೇಕು ಅನಿಸಿದರೆ 14416, ಟೆಲಿ-ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಗುವಿಗೆ ಸರಿಪಡಿಸಿದ ವಯಸ್ಸು ಏಳು ತಿಂಗಳು ದಾಟಿದ ಮೇಲೆ ಇನ್ನೊಮ್ಮೆ ಪ್ರಶ್ನಾವಳಿ ತುಂಬಿಸಲು ಹೇಳಿ. ಆಗ ಫಾರಂ ಬೇರೆ, ಪ್ರಶ್ನೆಗಳು ಬೇರೆ. ಆದ್ದರಿಂದ ಈ ಅಂಕವನ್ನೂ ಆ ಅಂಕವನ್ನೂ ಪಕ್ಕಪಕ್ಕ ಇಟ್ಟು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಲೆಕ್ಕ ಹಾಕಬೇಡಿ. ಅಷ್ಟು ಹೊತ್ತಿಗೆ ನೀವು ಗಂಡನ ಮನೆಗೆ ಹೋಗಿರುತ್ತೀರಿ, ನೀರು ಹಾಕುವ ಕೈ ನಿಮ್ಮದೋ ನಿಮ್ಮ ಅತ್ತೆಯದೋ ಆಗಿರುತ್ತದೆ. ಯಾರು ನೀರು ಹಾಕುತ್ತಾರೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸ್ನಾನದ ಪ್ರಶ್ನೆಗಳಿಗೆ ಅವರೇ ಉತ್ತರ ಹೇಳಲಿ, ರಾತ್ರಿಯವಕ್ಕೆ ನೀವು.